ಕಟ್ಟೆಗೆ ಹೋದ ಪೈಪು ನನ್ನ ಮನೆಯದು

ನಮ್ಮೂರ ಕಟ್ಟೆಯ ನೀರು ಕೆಟ್ಟಿದ್ದು ಮಾದೇಶ ಅವರಿಂದಲ್ಲ, ನನ್ನಿಂದ. ಸುದ್ದಿ ಬರೆದ ದಿನವೇ ನನಗದು ಗೊತ್ತಿತ್ತು. ಗೊತ್ತಿದ್ದೂ ತಪ್ಪನ್ನು ಅವರ ಮೇಲೆ ಹಾಕಿದೆ.

ನಾನು ಕೊಳ್ಳೇಗಾಲ, ಹನೂರು, ಯಳಂದೂರು ಭಾಗದಿಂದ ಇದೇ ಪತ್ರಿಕೆಗೆ ಇಪ್ಪತ್ತೆರಡು ವರ್ಷ ಸುದ್ದಿ ಕಳಿಸಿದವನು. ಮಾದೇಶ ರಾಮಾಪುರದವರು. ಟ್ರ್ಯಾಕ್ಟರಿಗೆ ಟ್ಯಾಂಕರ್ ಕಟ್ಟಿಕೊಂಡು ಊರೂರು ತಿರುಗಿ ಮನೆಗಳ ಶೌಚದ ಟ್ಯಾಂಕ್ ಖಾಲಿ ಮಾಡುವವರು. ನಮ್ಮ ಕಡೆ ಅದನ್ನು ಸಕ್ಕಿಂಗ್ ಗಾಡಿ ಎನ್ನುತ್ತಾರೆ. ತುಂಬಿದ ಟ್ಯಾಂಕರನ್ನು ಅವರು ಒಪ್ಪಿದ ರೈತರ ಬೀಳು ಹೊಲಕ್ಕೆ ಒಯ್ದು, ತೋಡಿಟ್ಟ ಗುಂಡಿಯಲ್ಲಿ ಸುರಿದು, ಮೇಲೆ ಮಣ್ಣು ಎಳೆದು ಬರುತ್ತಿದ್ದರು. ನೀರಿರುವ ಕಡೆ ಹನಿ ಬಿಟ್ಟವರಲ್ಲ. ಅದೂ ನನಗೆ ಗೊತ್ತಿತ್ತು.

ನಮ್ಮ ಮನೆ ಯಳಂದೂರಿನ ಹತ್ತಿರದ ಹಳ್ಳಿಯೊಂದರ ಹೊರಗೆ, ಟಾರು ರಸ್ತೆಗೆ ಅಂಟಿಕೊಂಡಿದೆ. ಎರಡನೇ ಬಚ್ಚಲು ಕಟ್ಟಿಸುವಾಗ ಗಾರೆಯವನು ಒಂದು ಉಪಾಯ ಹೇಳಿದ. "ಟ್ಯಾಂಕ್ ಮೇಲ್ಗಡೆ ಒಂದು ಪೈಪ್ ಕೊಟ್ಬುಡವ ಸಾ. ತುಂಬ್ದಂಗೆ ತುಂಬ್ದಂಗೆ ಚರಂಡಿಗೆ ಓಯ್ತದೆ. ಗಾಡಿ ಕರಿಯೋ ತಾಪತ್ರಯನೇ ಇರಕ್ಕಿಲ್ಲ."

ಒಪ್ಪಿದೆ. ಇನ್ನು ತೆರೆಯುವ ಕೆಲಸವೇ ಇಲ್ಲವೆಂದು ಮುಚ್ಚಳದ ಮೇಲೆ ಟೈಲ್ಸ್ ಕೂಡ ಹಾಕಿಸಿದೆ. ಆ ಚರಂಡಿ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಲಿಲ್ಲ — ಕೇಳುವುದನ್ನೇ ಕಸುಬು ಮಾಡಿಕೊಂಡವನು.

ಚರಂಡಿ ಕಟ್ಟೆಗೆ ಹೋಗುತ್ತಿತ್ತು. ಊರಿನ ದನ ನೀರು ಕುಡಿಯುವ ಕಟ್ಟೆ. ಎಂಟು ವರ್ಷದ ಹಿಂದಿನ ಬೇಸಿಗೆಯಲ್ಲಿ ಅದರ ನೀರು ಕಪ್ಪಾಗಿ ನಾರತೊಡಗಿತು. ದನಗಳು ಮೂತಿ ಇಡಲಿಲ್ಲ. ಹಿಂದಿನ ದಿನ ಮಾದೇಶರ ಗಾಡಿ ಕಟ್ಟೆಯ ಏರಿ ಮೇಲೆ ನಿಂತಿದ್ದನ್ನು ಯಾರೋ ಕಂಡಿದ್ದರು. ಕಾದ ಇಂಜಿನ್ನು ಆರಲಿ ಎಂದು ನಿಲ್ಲಿಸಿದ್ದರಂತೆ. ಊರಿಗೆ ಅಷ್ಟು ಸಾಕಾಯಿತು.

ಫೋಟೊ ತೆಗೆಯಲು ನಾನು ಚರಂಡಿ ಹಿಡಿದು ನಡೆದೆ. ನಮ್ಮ ಕಾಂಪೌಂಡಿನ ಬುಡದಲ್ಲಿ ನಮ್ಮದೇ ಪೈಪಿನ ಬಾಯಿ ತೊಟ್ಟಿಕ್ಕುತ್ತಿತ್ತು. ಅಲ್ಲಿಂದ ಒಂದು ಕಪ್ಪು ಗೆರೆ ಕಟ್ಟೆಯವರೆಗೂ — ಕ್ಯಾಮೆರಾ ಆಚೆಗೆ ತಿರುಗಿಸಿದೆ. ಬರೀ ಕಟ್ಟೆಯ ಫೋಟೊ ಕಳಿಸಿದೆ.

ಸುದ್ದಿ ನಾಲ್ಕು ಪ್ಯಾರಾ. ‘ಸಕ್ಕಿಂಗ್ ವಾಹನದ ಚಾಲಕನೊಬ್ಬ ಕಟ್ಟೆಗೆ ಮಲಿನ ತ್ಯಾಜ್ಯ ಸುರಿದಿದ್ದಾನೆ ಎಂದು ಗ್ರಾಮಸ್ಥರು ದೂರಿದ್ದಾರೆ.’ ಹೆಸರು ಹಾಕಲಿಲ್ಲ. ದೂರಿದ್ದು ಗ್ರಾಮಸ್ಥರು, ನಾನಲ್ಲ. ಬರವಣಿಗೆಯ ನಿಯಮದಂತೆ ಒಂದು ಪದವೂ ತಪ್ಪಿರಲಿಲ್ಲ. ಆದರೆ ಆಗ ನಮ್ಮ ಸುತ್ತಮುತ್ತಲ ಊರುಗಳಿಗೆ ಬರುತ್ತಿದ್ದದ್ದು ಒಂದೇ ಗಾಡಿ. ಚಾಲಕನ ಮಾತನ್ನೂ ಕೇಳಬೇಕಿತ್ತು; ಅವರ ನಂಬರು ನನ್ನ ಫೋನಿನಲ್ಲೇ ಇತ್ತು —

ಅಂದು ಸಂಜೆಯೇ ಪೈಪಿನ ಬಾಯಿಗೆ ಗೋಣಿಚೀಲ ತುರುಕಿದೆ. ತಿಂಗಳಾಗುವುದರೊಳಗೆ ಮಳೆ ಬಂದು ಕಟ್ಟೆ ತಿಳಿಯಾಯಿತು. ಗಾಡಿ ಬರುವುದು ನಿಂತಿತು, ನೀರು ಸರಿಹೋಯಿತು ಎಂದು ಊರು ಲೆಕ್ಕ ಹಾಕಿತು. ಆ ಗಾಡಿ ಊರೊಳಗೆ ಕಾಲಿಡಕೂಡದು ಎಂದು ಚಾವಡಿಯಲ್ಲಿ ತೀರ್ಮಾನವಾಯಿತು. ಪಕ್ಕದ ಮೂರು ಊರುಗಳೂ ಅದನ್ನೇ ಅನುಸರಿಸಿದವು. ಮಾದೇಶ ದೂರದ ಕಾಡಂಚಿನ ಊರುಗಳಿಗೆ, ಒಂದೊಂದು ಮನೆಗೆ ಅರ್ಧ ದಿನ ಟ್ರ್ಯಾಕ್ಟರ್ ಓಡಿಸಿಕೊಂಡು ಹೋಗಿ ಬದುಕಿದರು.

ಮುಂದಿನ ಮಳೆಗಾಲದಲ್ಲಿ ನಮ್ಮ ಟ್ಯಾಂಕ್ ಉಕ್ಕಿತು. ಗಲೀಜು ಬಚ್ಚಲಿಗೇ ವಾಪಸ್ ಬಂತು. ಅವ್ವ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಬೇರೆ ಮನೆಗೆ ಕರೆದೊಯ್ಯುವಂತೆಯೂ ಇರಲಿಲ್ಲ. ಕೊಳ್ಳೇಗಾಲದಿಂದ ಬಂದ ಗಾಡಿಯವರು ಮುಚ್ಚಳ ಎಲ್ಲಿ ಎಂದು ಕೇಳಿದರು. ನನಗೇ ನೆನಪಿರಲಿಲ್ಲ. ಟೈಲ್ಸ್ ನೋಡಿ ಹೊರಟುಹೋದರು. ನಮ್ಮ ಮನೆ ಊರ ಹೊರಗಿದ್ದುದರಿಂದ ಚಾವಡಿಯ ತೀರ್ಮಾನ ಅಡ್ಡ ಬರುತ್ತಿರಲಿಲ್ಲ; ಬೇರೆ ದಾರಿ ಕಾಣದೆ ಮಾದೇಶರಿಗೆ ಫೋನ್ ಮಾಡಿ ಅವ್ವನ ಸ್ಥಿತಿ ಹೇಳಿದೆ.

"ಅವ್ವ ಮಲಗವ್ರಾ? ಬತ್ತೀನಿ ಬುಡಿ" ಎಂದರು. ಅಷ್ಟೇ.

ಗಡಾರಿಯಿಂದ ನೆಲ ತಟ್ಟುತ್ತ, ಕಿವಿಗೊಟ್ಟು ಹಿತ್ತಲೆಲ್ಲ ನಡೆದರು. ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಲ್ಲಿ ಚೌಕ ಎಳೆದು, ಅಷ್ಟು ಟೈಲ್ಸ್ ಮಾತ್ರ ಬಿಡಿಸಿದರು. ನನ್ನನ್ನು ದೂರ ನಿಲ್ಲಿಸಿ ಮುಚ್ಚಳ ತೆರೆದರು. ಗಾಳಿಯಾಡಲು ಸ್ವಲ್ಪ ಹೊತ್ತು ಬಿಟ್ಟು ಕೊಳವೆ ಇಳಿಸಿದರು. ಮಟ್ಟ ತಗ್ಗಿದಂತೆ ಗೋಡೆಯಲ್ಲಿ ಪೈಪು ಕಾಣಿಸಿತು. ಅದರ ಜಾಡು ಹಿಡಿದು ಕಾಂಪೌಂಡಿನ ಆಚೆ ಹೋಗಿ, ಗೋಣಿಚೀಲ ಎಳೆದು, ಕೈಯಲ್ಲಿ ಹಿಡಿದು ನಿಂತರು. ಚರಂಡಿ ನೋಡಿದರು. ಕಟ್ಟೆಯ ಕಡೆ ನೋಡಿದರು. ನನ್ನ ಕಡೆ ನೋಡಲಿಲ್ಲ.

ಅಷ್ಟರಲ್ಲಿ ಕಿಟಕಿಯಿಂದ ಅವ್ವನ ದನಿ ಬಂತು. "ಲೇ ಮಾದೇಶ, ಕಟ್ಟೆಗೆ ಬುಟ್ಟವ್ನು ನೀನೇ ಅಲ್ವಾ? ಇದ್ನಾದ್ರೂ ದೂರ ತಕಂಡೋಗಪ್ಪ. ಇಲ್ದಿದ್ರೆ ನಮ್ಮೈದ ಇನ್ನೊಂದ್ ಸಲ ಪೇಪರ್‌ಗೆ ಹಾಕ್ಬುಟ್ಟಾನು."

ಚೀಲ ಅವರ ಕೈಯಲ್ಲೇ ಇತ್ತು. ಒಂದು ಮಾತು ಸಾಕಿತ್ತು —

"ನಿಮ್ಮ ಮಗ ಬರ್ದಿದ್ದು ಸುಳ್ಳಾದದಾ ಕಣವ್ವ?" ಎಂದು ಮಾದೇಶ ನಕ್ಕರು. "ದೂರನೇ ತಕಂಡೋಯ್ತೀನಿ. ನೀವು ಬೇಗ ಎದ್ದು ಓಡಾಡಿ."

ಆಮೇಲೆ ನನ್ನಿಂದ ಒಂದು ಬಾಂಡ್ಲಿ ಸಿಮೆಂಟ್ ಕೇಳಿ ತೆಗೆದುಕೊಂಡು ಪೈಪಿನ ಬಾಯನ್ನು ಭದ್ರವಾಗಿ ಮುಚ್ಚಿದರು. ಹೊರಡುವಾಗ, "ಹಿತ್ಲಲ್ಲಿ ಒಂದು ಇಂಗುಗುಂಡಿ ಮಾಡ್ಸಿ ಸಾ. ಮೂರ್ ವರ್ಸಕ್ಕೊಂದ್ಸಲ ನನ್ಗೆ ಹೇಳಿ. ಕರಿಯಾಕೆ ಸಂಕೋಚ ಮಾಡ್ಕಬ್ಯಾಡಿ" ಎಂದರು. ಗೋಣಿಚೀಲವನ್ನು ಟ್ಯಾಂಕರಿನ ಹಿಂದೆ ಸಿಕ್ಕಿಸಿಕೊಂಡು ಹೋದರು. ಯಾರಿಗೂ ತೋರಿಸಲಿಲ್ಲ.

ಇಂಗುಗುಂಡಿ ಮಾಡಿಸಿದೆ. ಅವರು ಆಮೇಲೂ ಎರಡು ಸಲ ಬಂದರು. ಅವ್ವನ ಬಚ್ಚಲು ಒಂದು ದಿನವೂ ಕಟ್ಟಿಕೊಳ್ಳಲಿಲ್ಲ. ಕೋಲು ಊರಿಕೊಂಡು ತಾನೇ ಹೋಗಿ ಬರುವಂತಾದಳು. ಯಾರ ಕೈಯನ್ನೂ ಕಾಯದೆ, ಮಾನವಾಗಿ ಬದುಕಿದಳು. ಹೋದ ವರ್ಷ ತೀರಿಕೊಂಡಾಗ ಅವಳ ಪೆಟ್ಟಿಗೆಯಲ್ಲಿ ನನ್ನ ಸುದ್ದಿಗಳ ಕತ್ತರಿಕೆಗಳಿದ್ದವು. ಕಟ್ಟೆಯದೂ ಇತ್ತು. ಮಗ ಸುಳ್ಳು ಬರೆಯುವವನಲ್ಲ ಎಂದು ನಂಬಿಯೇ ಹೋದಳು. ಆ ನಂಬಿಕೆಯನ್ನು ಅವಳಿಗೆ ಉಳಿಸಿಕೊಟ್ಟವರು ಮಾದೇಶ. ನಾನು ಅವರ ಹೆಸರು ಕೆಡಿಸಿದೆ. ಅವರು ನನ್ನ ಹೆಸರು ಕಾಪಾಡಿದರು. ಈ ಕೃತಜ್ಞತೆಯನ್ನು ಯಾವ ಮಾತಿನಲ್ಲಿ ಹೇಳಬೇಕೋ —

ಅವ್ವನ ಸಲುವಾಗಿ ಸುಮ್ಮನಿದ್ದೆ ಎಂದು ಬಹಳ ದಿನ ಅಂದುಕೊಂಡೆ. ಅಲ್ಲ. ಅವ್ವ ಹೋದ ಮೇಲೂ ಒಂದು ವರ್ಷ ಸುಮ್ಮನಿದ್ದೆನಲ್ಲ.

ಕಳೆದ ವಾರ ರಾಮಾಪುರಕ್ಕೆ ಹೋಗಿ, ಎಲ್ಲವನ್ನೂ ಬರೆಯುತ್ತೇನೆ, ನಿಮ್ಮ ಹೆಸರು ಹಾಕಿಯೇ ಬರೆಯುತ್ತೇನೆ ಎಂದೆ. ಮಾದೇಶ ಕೊಳವೆಯ ಕ್ಲಿಪ್ಪು ಬಿಗಿಯುತ್ತಿದ್ದರು. ತಲೆ ಎತ್ತದೆ ಹೇಳಿದರು: "ಬರ್ಕಳಿ ಸಾ. ನಮ್ಮೋರು ಪೇಪರ್ ಓದೋರೆಷ್ಟು ಜನ? ನನ್ ಗಾಡಿ ನಿಮ್ಮೂರೊಳಕ್ಕೆ ಬರೋ ದಿಸ ನೀವೂ ಮೇಲೆ ಕುಂತಿರ್ಬೇಕು. ವಾಸ್ನೆ ತಡ್ಕತೀರಾ?"

ತಡೆದುಕೊಳ್ಳುತ್ತೇನೆ ಎಂದೆ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಆ ಗಾಡಿ ನಮ್ಮೂರ ಚಾವಡಿಯ ಮುಂದೆ ಬಂದು ನಿಲ್ಲುತ್ತದೆ. ನಾನು ಮಡ್‌ಗಾರ್ಡ್ ಮೇಲೆ ಕೂತಿರುತ್ತೇನೆ. ಈ ಬರಹವನ್ನು ಅಲ್ಲೇ ನಿಂತು ಓದುತ್ತೇನೆ. ಆಮೇಲೆ ಬರುವವರನ್ನು ಕರೆದುಕೊಂಡು ಕಟ್ಟೆಯವರೆಗೆ ಚರಂಡಿ ಹಿಡಿದು ನಡೆಯುತ್ತೇನೆ — ಈ ಸಲ ನಮ್ಮ ಕಾಂಪೌಂಡಿನ ಬುಡದಿಂದ, ಸಿಮೆಂಟು ಮೆತ್ತಿದ ಆ ಪೈಪಿನ ಬಾಯಿಂದ ಶುರುಮಾಡಿ.