ನೀಲಮ್ಮಾಯಿಯ ಮನೆಯ ಎಡಭಾಗ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ರಕ್ತದಲ್ಲಿ ಸಕ್ಕರೆ ಏರಿದೆ, ದಿನಾ ಒಂದು ತಾಸು ನಡೆಯಿರಿ ಎಂದು ಡಾಕ್ಟರು ಹೇಳಿದ್ದಾರೆ. ನಾನು ಹತ್ತು ನಿಮಿಷ ನಡೆದು ಐವತ್ತು ನಿಮಿಷ ಕೂಡುತ್ತೇನೆ. ತಪ್ಪು ನನ್ನದಲ್ಲ, ಸುರಪುರದ್ದು. ಇಲ್ಲಿ ಯಾವ ಓಣಿ ಹೊಕ್ಕರೂ ಒಂದು ಹಳೆಯ ವಾಡೆ, ಒಂದು ಕಮಾನು, ಇಲ್ಲವೇ ಕೆತ್ತನೆಯ ಬಾಗಿಲು ನಿಂತು ಕರೆಯುತ್ತದೆ. ಚೀಲದಲ್ಲಿ ಬಣ್ಣದ ಡಬ್ಬಿಗಳಿರುತ್ತವೆ. ಚಿತ್ರ ಬರೆಯಲು ಕೂತುಬಿಡುತ್ತೇನೆ.

ಒಂದು ಕಾಲಕ್ಕೆ ಈ ಊರಿನ ಚಿತ್ರಗಾರರು ಬಂಗಾರದ ರೇಕು ಅಂಟಿಸಿ ದೇವರನ್ನು ಬರೆಯುತ್ತಿದ್ದರು. ಆ ಪರಂಪರೆ ನನ್ನ ಕೈಗೆ ಬಂದು ಮುಗ್ಗರಿಸಿದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದರೂ ನನ್ನ ಕಾಗದದ ಮೇಲೆ ಒಂದು ಗೋಡೆಯೂ ನೆಟ್ಟಗೆ ನಿಲ್ಲುವುದಿಲ್ಲ. ಸಾಲದ್ದಕ್ಕೆ, ಪೆನ್ಸಿಲ್ ಎತ್ತಿ ಒಂದು ಕಣ್ಣು ಮುಚ್ಚಿ ಅಳತೆ ನೋಡಿದರೆ, ರಸ್ತೆ ಅಗಲ ಮಾಡಲು ಬಂದವನೆಂದು ಓಣಿಗೆ ಓಣಿಯೇ ಗಾಬರಿಯಾಗುತ್ತದೆ. ಶಹಾಪುರದಲ್ಲಿ ಒಬ್ಬರು ಕಟ್ಟೆಯ ಮೇಲಿನ ಜೋಳದ ಚೀಲಗಳನ್ನೆಲ್ಲ ಒಳಗೆ ಸಾಗಿಸಿ ನನಗೆ ಕೈಮುಗಿದು ನಿಂತಿದ್ದರು.

ಇಂಥ ನನಗೂ ಒಂದು ಭಾನುವಾರ ಕೈ ಕೂಡಿಬಂತು. ರಂಗಂಪೇಟೆಯಲ್ಲಿ ಓಣಿಗೆಲ್ಲ ಶ್ಯಾವಿಗೆ ಹೊಸೆದುಕೊಡುವ ನೀಲಮ್ಮಾಯಿಯ ಮನೆ ಅದು. ಗೋಡೆಯ ಸುಣ್ಣ ಪದರುಪದರಾಗಿ ಉದುರಿ ಒಳಗಿನಿಂದ ಹಳದಿ, ಅದರೊಳಗಿನಿಂದ ಹಸಿರು ಇಣುಕುತ್ತಿತ್ತು. ಅಬ್ಬ, ಎಂಥ ಗೋಡೆ! ಬಿಸಿಲೇರುವಷ್ಟರಲ್ಲಿ ಚಿತ್ರದ ಎಡಭಾಗ ಮುಗಿಯಿತು. ಜೀವಮಾನದಲ್ಲಿ ಮೊದಲ ಬಾರಿ ನನ್ನ ಗೋಡೆ ಗೋಡೆಯಂತೆ ಕಂಡಿತು. ಕುಣಿಯುವುದೊಂದು ಬಾಕಿ. ಆಯಿ ಚಹಾ ಕೊಟ್ಟು, ಉಳಿದದ್ದು ಯಾವಾಗ ಎಂದು ಕೇಳಿದರು. ಮುಂದಿನ ಭಾನುವಾರ ಎಂದೆ. ಆ ಬಲಭಾಗದ ಆಸೆಯಲ್ಲಿ ವಾರವಿಡೀ ನೆಲದ ಮೇಲೆ ನಾನಿರಲಿಲ್ಲ.

ಭಾನುವಾರ ಹೋದರೆ ಮನೆಯೇ ಇಲ್ಲ. ಅಂದರೆ ಇತ್ತು, ಆದರೆ ಬುಡದಿಂದ ತುದಿಯವರೆಗೆ ನವಿಲಿನ ಕತ್ತಿನ ನೀಲಿ. ಬಿರುಕಿಗೆ ಸಿಮೆಂಟು. ಬಾಗಿಲ ಕೆತ್ತನೆಗೆ ಕಂದು ಪೇಂಟು, ಅದಿನ್ನೂ ಹಸಿ. ಯುಗಾದಿಗೆ ಹಚ್ಚಿಸಬೇಕಾದ ಬಣ್ಣವನ್ನು ನನಗಾಗಿ ಎರಡು ತಿಂಗಳು ಮೊದಲೇ ಹಚ್ಚಿಸಿದ್ದರು. ಇಸ್ತ್ರಿ ಮಾಡಿದ ಇಳಕಲ್ ಸೀರೆಯುಟ್ಟು ಆಯಿ ಕಟ್ಟೆಯ ಮೇಲೆ ನಿಂತಿದ್ದರು. ಹಳೆಯದೇ ಚೆಂದ ಇತ್ತಲ್ಲ ಆಯಿ ಎಂದು ಗೊಣಗಿದೆ.

“ಹರಕ ಸೀರಿ ಉಟ್ಗೊಂಡು ಯಾರರ ಫೋಟೋ ತೆಗಸ್ಕೋತಾರೇನ್ರಿ ಮಾಸ್ತರ?” ಎಂದರು.

ಉದುರುವ ಗೋಡೆ ಎದುರುಕಟ್ಟೆಯಲ್ಲಿ ಕೂತವನಿಗೆ ಚೆಂದ. ಅದರೊಳಗೆ ಬಾಳುವವರಿಗೆ ಬಂದವರ ಮುಂದೆ ಸಂಕೋಚ. ಕೂತೆ. ಕಂಡ ನೀಲಿಯನ್ನೇ ಬಳಿದೆ. ಕಾಗದದ ಎಡಕ್ಕೆ ನೂರು ವರ್ಷ, ಬಲಕ್ಕೆ ಮೊನ್ನೆಯ ಗುರುವಾರ. ಹೋಗಲಿ, ಎಡಭಾಗವಾದರೂ ಉಳಿಯಿತಲ್ಲ ಎಂದುಕೊಂಡು ಹೆಮ್ಮೆಯಿಂದಲೇ ತೋರಿಸಿದೆ.

ಆಯಿ ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಬಲಭಾಗಕ್ಕೆ ತಲೆದೂಗಿದರು. ಎಡಭಾಗಕ್ಕೆ ಬಂದಾಗ ಅವರ ಮುಖದಲ್ಲಿ ನನ್ನ ಬಗ್ಗೆ ಮರುಕ ಮೂಡಿತು.

“ಛಲೋ ಬಂದದ್ರಿ. ಈ ಕಡಿ ಇನ್ನಾ ಬಣ್ಣ ಹಚ್ಚೂದು ಉಳದದ. ಮುಗಿಸೇ ಹೋಗ್ರಿ, ಇನ್ನೊಂದು ಚಾ ಇಡ್ತೀನಿ.”

ನನ್ನ ಜೀವಮಾನದ ಒಂದೇ ಒಂದು ನೆಟ್ಟನೆಯ ಗೋಡೆಯನ್ನು ಕಣ್ತುಂಬ ನೋಡಿಕೊಂಡೆ. ಚಹಾಕ್ಕೆ ಸಕ್ಕರೆ ಬೇಡ ಎಂದು ಹೇಳಿ, ನೀಲಿ ಡಬ್ಬಿಯ ಮುಚ್ಚಳ ಮತ್ತೆ ತೆಗೆದೆ.