ಹಲ್ಲಿಗೆ ಹಚ್ಚಿದ ಭಂಡಾರ

ಧರಣೇಂದ್ರ ಮಿಸ್ತ್ರಿಯನ್ನು ತುಳಸವ್ವ ಮೊದಲು ಕಂಡ ದಿನ ಅವಳಿಗೆ ಕಂಡದ್ದು ಅವನ ಎರಡು ಪಾದಗಳು ಮಾತ್ರ. ಏಕಸಂಬಿಯ ರಸ್ತೆಗೆ ಹತ್ತಿದ ತಗಡಿನ ಶೆಡ್ಡಿನಲ್ಲಿ ಒಂದು ಗಾಡಿ ನಿಂತಿತ್ತು. ಅದರ ಕೆಳಗಿನಿಂದ ಪಾದಗಳು ಹೊರಗೆ ಚಾಚಿದ್ದವು. ಪಾದಗಳ ನಡುವೆ ಇರುವೆಯ ಸಾಲೊಂದು ಹೊರಟಿತ್ತು. ಸಾಲು ಮುರಿಯಬಾರದೆಂದು ಮಿಸ್ತ್ರಿ ಹಿಮ್ಮಡಿಗಳನ್ನು ಅಗಲಿಸಿಕೊಂಡು, ಈಯಲು ಮಲಗಿದ ಕುರಿಯ ಹಾಗೆ ಓರೆಯಾಗಿ ಬಿದ್ದು ಕೆಲಸ ಮಾಡುತ್ತಿದ್ದ. ಇಂಥವನ ಕೈಗೆ ಗಾಡಿ ಕೊಡಬಹುದು ಎಂದು ತುಳಸವ್ವ ಆಗಲೇ ಅಂದುಕೊಂಡಳು. ಮುಖ ಕಂಡದ್ದು ಆಮೇಲೆ: ಅರವತ್ತರ ಹತ್ತಿರದ ಮನುಷ್ಯ, ಹಣೆಗೆ ಗ್ರೀಸು, ಮೀಸೆಯ ಕೆಳಗೆ ನಗೆ.

ಮಗ ಮಾಳುವಿನ ಪಿಕಪ್ ಕೆಲವು ದಿನಗಳಿಂದ ಹಿಂಭಾಗದಲ್ಲಿ ಸದ್ದು ಮಾಡುತ್ತಿತ್ತು. ಕುರಿ ಸಾಕುವ ಮನೆಗೆ ಪಿಕಪ್ ಎಂದರೆ ಹಿಂದಿನವರ ಸಾಮಾನು ಹೊರುವ ಕುದುರೆ ಇದ್ದ ಹಾಗೆ. ಹೊಲಕ್ಕೆ ಗೊಬ್ಬರವಾಗಲೆಂದು ರೈತರು ಹಿಂಡನ್ನು ಕರೆಸಿ ನಿಲ್ಲಿಸಿಕೊಳ್ಳುತ್ತಾರೆ. ಒಂದು ಊರು ಮುಗಿದರೆ ಮುಂದಿನ ಊರು. ದೊಡ್ಡ ಕುರಿಗಳು ನಡೆದು ಬರುತ್ತವೆ. ನಡೆಯಲಾರದ ಮರಿಗಳು, ಬಲೆ, ಗೂಟ, ಬೋಗುಣಿ, ಕಂಬಳಿ, ಜೊತೆಗೆ ತುಳಸವ್ವ, ಇಷ್ಟೂ ಗಾಡಿಯ ಪಾಲು. ಗಂಡ ತೀರಿಕೊಂಡ ಮೇಲೆ ಮಾಳು ಅವಳನ್ನು ಮುಂದಿನ ಸೀಟಿಗೆ ಏರಿಸಿದ್ದ. ಅಲ್ಲಿ ಕುಳಿತಾಗ ಅವಳ ಮಡಿಲಲ್ಲಿ ಒಂದಾದರೂ ಎಳೆಮರಿ ಇದ್ದೇ ಇರುತ್ತಿತ್ತು. ಈಗ ಹಿಂಡು ಕಬ್ಬೂರಿನ ಹೊಲದಲ್ಲಿ ನಿಂತಿತ್ತು. ಅಲ್ಲಿಂದ ಅಥಣಿಯ ಕಡೆ ಹೊರಡಬೇಕಿತ್ತು.

ನಿಪ್ಪಾಣಿಯಿಂದ ಕಾಗವಾಡದವರೆಗೆ ಡ್ರೈವರುಗಳ ಬಾಯಲ್ಲಿ ಒಂದೇ ಮಾತಿತ್ತು: ಡಿಫರೆನ್ಸಿಯಲ್ ಅತ್ತರೆ ಧರಣಪ್ಪನ ಕಿವಿಗೆ ಹಾಕು. ಹಾಗೆಂದೇ ಮಾಳು ಇಲ್ಲಿಗೆ ಬಂದಿದ್ದ. ಎಂಥ ಸದ್ದು ಎಂದು ಮಿಸ್ತ್ರಿ ಕೇಳಿದರೆ, ಸದ್ದೆಂದರೆ ಸದ್ದು ಎಂದ. ಮಿಸ್ತ್ರಿ ತುಳಸವ್ವನ ಕಡೆ ತಿರುಗಿದ.

"ಆಯಿ, ಮುಂದ ಕುಂತಿರಾಂವ್ರು ನೀವು. ನಿಮಗ ಹೆಂಗ ಕೇಳಸ್ತೈತಿ?"

"ಹಸದ ಮರಿ ಒದರಿದಂಗ್ರಿ, ಸಣ್ಣಗ. ಇಂವ ಕಾಲ ಒತ್ತಿದ್ರ ಒದರತೈತಿ, ಕಾಲ ಎತ್ತಿದ್ರ ಸುಮ್ಮಾಗತೈತಿ."

ಮಿಸ್ತ್ರಿಯ ಮುಖ ಅರಳಿತು. ರೋಗ ಹೇಳಿದರೆ ಹೀಗೆ ಹೇಳಬೇಕು ಎಂದು ಮಾಳುವಿಗೆ ಬುದ್ಧಿ ಹೇಳಿದ. ಗಾಡಿಯನ್ನು ಜಾಕಿನ ಮೇಲೆ ಎತ್ತಿದ. ಹಿಂದಿನ ಎರಡು ಗಾಲಿಗಳ ನಡುವೆ ಹೊಟ್ಟೆಯಂತೆ ಜೋತುಬಿದ್ದ ಉಕ್ಕಿನ ಗೂಡನ್ನು ಬಿಚ್ಚಿದ. ಇಳಿಸಿದ ಎಣ್ಣೆಯ ಡಬ್ಬಿಗೆ ಮೊದಲು ಬಟ್ಟೆ ಕಟ್ಟಿದ, ನೊಣ ಇರುವೆ ಬಿದ್ದಾವೆಂದು. ಜೈನರ ಮನುಷ್ಯ, ಜೀವ ಹೋಗಬಾರದೆಂಬ ಎಚ್ಚರ ಅವನ ಕೈಯಲ್ಲೇ ಇತ್ತು. ಧೂಳೂ ಬೀಳದ ಕಾರಣ ಅವನು ಹಾಕಿದ ಬೇರಿಂಗು ಉಳಿದವರವಕ್ಕಿಂತ ಹೆಚ್ಚು ದಿನ ಬಾಳುತ್ತಿತ್ತು. ಇರುವೆಯ ಪುಣ್ಯ ಬೇರಿಂಗಿಗೆ ಎಂದು ಎದುರಿನ ಚಹಾದಂಗಡಿಯ ಡ್ರೈವರುಗಳು ನಗುತ್ತಿದ್ದರು.

ಗೂಡಿನೊಳಗೆ ಏನಿದೆ ಎಂದು ತುಳಸವ್ವ ಬಗ್ಗಿ ನೋಡಿದಾಗ ಅವನು ಬೇಸರಿಸದೆ ತಿಳಿಸಿದ. ಕಣದಲ್ಲಿ ತೆನೆ ತುಳಿಸಲು ಹಂತಿ ಹೊಡೆಯುವಾಗ ನಡುವಿನ ಮೇಟಿಕಂಬದ ಬದಿಯ ಎತ್ತು ನಿಂತಲ್ಲೇ ಹೆಜ್ಜೆ ಹಾಕುತ್ತದೆ, ಹೊರಗಿನ ಎತ್ತು ದೊಡ್ಡ ಸುತ್ತು ನಡೆಯುತ್ತದೆ. ಗಾಡಿ ತಿರುವಿನಲ್ಲಿ ತಿರುಗುವಾಗ ಗಾಲಿಗಳದೂ ಅದೇ ಲೆಕ್ಕ. ಎರಡಕ್ಕೂ ಅದರದರ ನಡಿಗೆ ಕೊಡುವುದು ಈ ಡಿಫರೆನ್ಸಿಯಲ್ಲು. ಹಲ್ಲುಗಳಿರುವ ಅಗಲವಾದ ಚಕ್ರ ಕ್ರೌನು, ಅದನ್ನು ತಿರುಗಿಸುವ ಸಣ್ಣದು ಪಿನಿಯನ್ನು. ಎಣ್ಣೆ ಸೋರಿ ಎರಡರ ಹಲ್ಲುಗಳೂ ಸವೆದುಹೋಗಿದ್ದವು. ಮಾಳು ನಿಪ್ಪಾಣಿಗೆ ಹೋಗಿ ಹೊಸ ಜೋಡಿ ತಂದ. ಮಿಸ್ತ್ರಿ ಅದನ್ನು ಕೂಡಿಸಿ, ಎತ್ತಿದ ಗಾಲಿ ತಿರುಗುವಂತೆ ಎಂಜಿನ್ ಚಾಲೂ ಮಾಡಿದ. ಸ್ಕ್ರೂಡ್ರೈವರಿನ ತುದಿಯನ್ನು ಗೂಡಿಗೂ ಹಿಡಿಯನ್ನು ಕಿವಿಗೂ ಹಚ್ಚಿ ಕಣ್ಣು ಮುಚ್ಚಿ ಕುಳಿತ. ಬೆಣ್ಣೆ ಆಗಿದೆ, ಒಯ್ಯಿರಿ ಎಂದ.

ಚಿಕ್ಕೋಡಿ ದಾಟುವುದರೊಳಗೆ ಮರಿ ಮತ್ತೆ ಒದರತೊಡಗಿತು. ಮಡಿಲಲ್ಲಿದ್ದ ಮರಿಯಲ್ಲ, ಹಿಂದಿನದು. ಮೊದಲಿಗಿಂತ ಸಣ್ಣಗೆ, ಆದರೆ ಎಡೆಬಿಡದೆ.

ಮರುದಿನ ಮುಂಜಾನೆ ಅವರು ತಿರುಗಿ ಬಂದದ್ದನ್ನು ಚಹಾದಂಗಡಿ ಪೂರ್ತಿ ನೋಡಿತು. ಡಿಫರೆನ್ಸಿಯಲ್ ಹಿಂತಿರುಗಿ ಬಂದ ಮಿಸ್ತ್ರಿಯ ಸುದ್ದಿ ಗಾಡಿಗಿಂತ ಮುಂಚೆ ನಿಪ್ಪಾಣಿ ಮುಟ್ಟುತ್ತದೆ. ಎರಡನೆಯ ಸಲವೂ ಸದ್ದು ಬಂದರೆ ಆ ಶೆಡ್ಡಿಗೆ ಯಾವ ಪಿಕಪ್ಪೂ ಬರುವುದಿಲ್ಲ. ಅದು ಧರಣೇಂದ್ರನಿಗೂ ಗೊತ್ತಿತ್ತು. ತಾಯಿ ಮಗನನ್ನು ಪಕ್ಕದಲ್ಲಿ ಕೂಡಿಸಿಕೊಂಡು, ತಾನೇ ಸ್ಟೇರಿಂಗ್ ಹಿಡಿದು ಊರ ಹೊರಗಿನವರೆಗೆ ಗಾಡಿ ಓಡಿಸಿ ತಂದ. ಇಳಿದು, ಏನೂ ಇಲ್ಲವಲ್ಲ ಎಂದ. ಹಾಗೆನ್ನುವಾಗ ದಾರಿಯುದ್ದಕ್ಕೂ ಒದರಿದ್ದು ತುಳಸವ್ವನ ಕಿವಿಯಲ್ಲಿ ಇನ್ನೂ ಇತ್ತು.

"ಯವ್ವಾ, ಇಂವ ಕಣ್ಣಾಗ ಕಣ್ಣ ಇಟ್ಟ ಸುಳ್ಳ ಹೇಳಾಕತ್ತಾನ," ಎಂದ ಮಾಳು. "ಗಾಡಿ ನಿಪ್ಪಾಣಿಗೆ ಒಯ್ತೀನಿ ನಾ."

ತುಳಸವ್ವ ಮಿಸ್ತ್ರಿಯ ಮುಖ ನೋಡಿದಳು. ಸುಳ್ಳು ಹೇಳುವವನ ಕಣ್ಣು ಓಡಾಡುತ್ತದೆ. ಇವನ ಕಣ್ಣು ತಾಯಿ ಮಗನ ತುಟಿಗಳ ಮೇಲೆ ನಿಂತಿತ್ತು. ಇವತ್ತೊಂದು ದಿನ ಗಾಡಿ ಇಲ್ಲೇ ಇರಲಿ, ನಾನೂ ಇರುತ್ತೇನೆ ಎಂದು ಮಗನಿಗೆ ಹೇಳಿದಳು. ಮಾಳು ಗೊಣಗುತ್ತ, ಹಾಲಿನ ಗಾಡಿ ಹತ್ತಿ ಹಿಂಡಿನ ಕಡೆ ಹೋದ.

ಅವಳು ಉಣ್ಣೆ ನೂಲುವ ಕದಿರು ತೆಗೆದು ಕಂಬಕ್ಕೆ ಆತು ಕುಳಿತಳು. ಮಿಸ್ತ್ರಿ ಮತ್ತೆ ಗೂಡು ಬಿಚ್ಚತೊಡಗಿದ. ಅಷ್ಟರಲ್ಲಿ ಅವನ ಹೆಂಡತಿ ಸುಗಂಧಾ ಚಹಾ ತಂದಳು. ತುಳಸವ್ವ ಒಂದು ಗಮನಿಸಿದಳು: ಸುಗಂಧಾ ಹಿಂದಿನಿಂದ ಕರೆಯಲಿಲ್ಲ. ಗಾಡಿಯನ್ನು ಸುತ್ತಿ ಗಂಡನ ಮುಂದೆ ಹೋಗಿ ನಿಂತಳು, ಅವನು ತಲೆ ಎತ್ತಿದ ಮೇಲೆಯೇ ಬಾಯಿ ತೆರೆದಳು.

ಸುಗಂಧಾ ಮಾತಿನ ಹೆಣ್ಣುಮಗಳು. ಗಂಡ ಮಿಸ್ತ್ರಿ ಆದ ಕಥೆ ಹೇಳಿದಳು. ಕಬ್ಬೂರಿನಲ್ಲಿ ಅವರದು ಒಕ್ಕಲುತನದ ಮನೆ. ಚಿಕ್ಕವನಿದ್ದಾಗ ಧರಣೇಂದ್ರನನ್ನು ನೇಗಿಲಿಗೆ ಹಚ್ಚಿದರೆ, ಮಣ್ಣಿನಲ್ಲಿ ಹುಳ ಕಂಡಲ್ಲೆಲ್ಲ ಎತ್ತು ನಿಲ್ಲಿಸಿ ಅದನ್ನು ಬದುವಿಗೆ ದಾಟಿಸಿ ಬರುತ್ತಿದ್ದನಂತೆ. ಮಧ್ಯಾಹ್ನವಾದರೂ ಎರಡು ಸಾಲು ಮುಗಿಯುತ್ತಿರಲಿಲ್ಲ. ಇವನನ್ನು ನಂಬಿದರೆ ಬಿತ್ತನೆ ಮುಂದಿನ ಮಳೆಗೇ ಎಂದು ಅಪ್ಪ ಅವನನ್ನು ನಿಪ್ಪಾಣಿಯ ಗಂಗಾರಾಮ ಉಸ್ತಾದರ ಗ್ಯಾರೇಜಿಗೆ ಸೇರಿಸಿದ. ಕಬ್ಬಿಣದಲ್ಲಿ ಹುಳವಿಲ್ಲ; ಅಲ್ಲಿ ಅವನ ಕೈ ಓಡಿತು.

ಸುಗಂಧಾ ಹೋದ ಮೇಲೆ ಮಿಸ್ತ್ರಿ ಬಶಿಯಲ್ಲಿ ಚಹಾ ಸುರುವಿಕೊಂಡು ಮಾತಿಗೆ ತೊಡಗಿದ. ಮೊದಲೆಲ್ಲ ಈ ತಗಡಿನ ಸಂದಿಯಲ್ಲಿ ಗುಬ್ಬಿಗಳು ಗೂಡು ಕಟ್ಟುತ್ತಿದ್ದವು, ಮುಂಜಾನೆ ಎದ್ದರೆ ಅವುಗಳದೇ ಗದ್ದಲ. ಈಗ ಊರಲ್ಲೊಂದೂ ಉಳಿದಿಲ್ಲ, ಆ ಮೊಬೈಲ್ ಟಾವರುಗಳು ಬಂದು ಎಲ್ಲ ಸತ್ತವು ಎಂದ.

ತುಳಸವ್ವನ ಕೈಯಲ್ಲಿ ಕದಿರು ನಿಂತಿತು. ಅವನ ನೆತ್ತಿಯ ಮೇಲೆಯೇ, ತಗಡಿನ ಕೆಳಗಿನ ಬೊಂಬಿನ ಮೇಲೆ ಗುಬ್ಬಿಗಳ ದಂಡೊಂದು ಕುಳಿತು ಚಿಂವ್‌ಗುಟ್ಟುತ್ತಿತ್ತು. ಅವಳು ಬಂದಾಗಿನಿಂದ ಒಂದು ಗಳಿಗೆ ಸುಮ್ಮನಾಗಿರಲಿಲ್ಲ. ಗಾಡಿಯ ಸಣ್ಣ ಸದ್ದು, ಗುಬ್ಬಿಯ ಸಣ್ಣ ಸದ್ದು, ಹೆಂಡತಿ ಸುತ್ತಿ ಬಂದು ಎದುರು ನಿಂತದ್ದು, ಮೂರೂ ಒಂದೇ ದಾರದಲ್ಲಿ ಕೂಡಿಕೊಂಡವು.

ಅವಳು ಎದ್ದು ಅವನ ಮುಂದೆ ಬಂದು ಕುಳಿತಳು.

"ಮಿಸ್ತ್ರಿ, ಮ್ಯಾಲ ನೋಡ್ರಿ. ನಿಮ್ಮ ತಲಿ ಮ್ಯಾಲ ಕುಂತ ಜಗಳಾಡಾಕತ್ತಾವ."

ಅವನು ಕತ್ತೆತ್ತಿ ಬಹಳ ಹೊತ್ತು ನೋಡಿದ. "ಬಾಯಿ ತೆರೀತಾವ," ಎಂದ ಮೆಲ್ಲಗೆ. "ಬಾಯಿ ಮುಚ್ಚತಾವ." ಬಶಿಯನ್ನು ನೆಲಕ್ಕಿಟ್ಟ. ತುಳಸವ್ವ ಅವನು ಅತ್ತಾನೆಂದುಕೊಂಡಳು. ಆದರೆ ಆ ಮನುಷ್ಯ ನಗತೊಡಗಿದ. "ಅದಾವಲ್ರಿ ಆಯಿ! ಸತ್ತಿಲ್ಲ. ಇಷ್ಟೂ ಅದಾವ."

ನಗು ಇಳಿದ ಮೇಲೆ ಉಳಿದದ್ದು ಅವನಿಗೆ ತಿಳಿಯಿತು. ದಪ್ಪ ಧ್ವನಿಗಳೆಲ್ಲ ಕೇಳಿಸುತ್ತವೆ, ಹಾಗಾಗಿ ಕಿವಿ ನೆಟ್ಟಗಿದೆ ಎಂದೇ ತಿಳಿದಿದ್ದೆ ಎಂದ. ಸುತ್ತಿಗೆಯ ಪೆಟ್ಟು, ಎಂಜಿನ್ನಿನ ಅಬ್ಬರ, ಇವುಗಳ ನಡುವೆ ವರ್ಷ ಕಳೆದು ಸಣ್ಣ ಸದ್ದು ಯಾವಾಗ ಹೇಳದೆ ಹೋಯಿತೋ. ಕಿವಿಯಿಂದಲೇ ಹೆಸರು ಮಾಡಿದವನು ಇನ್ನು ಶೆಡ್ಡಿಗೆ ಬೀಗ ಹಾಕುವುದೇ ಸರಿ ಎಂದು ನಟ್ಟು ಬಿಚ್ಚುವ ಪಾನಾ ಅತ್ತ ಸರಿಸಿದ.

"ಈ ಕಿವಿ ಬರೂಕಿಂತ ಮೊದಲ ಹೆಂಗ ಕೂಡಸ್ತಿದ್ರಿ?" ಎಂದು ತುಳಸವ್ವ ಕೇಳಿದಳು. ಅವಳಿಗೆ ಬೇರೆ ಏನೂ ತೋಚಿರಲಿಲ್ಲ, ತಿಳಿಯಬೇಕಿತ್ತು, ಕೇಳಿದಳು.

ಮಿಸ್ತ್ರಿ ನೆನೆಸಿಕೊಂಡು ಹೇಳಿದ. ಗಂಗಾರಾಮ ಉಸ್ತಾದರು ಕಿವಿಯನ್ನು ನಂಬುತ್ತಿರಲಿಲ್ಲ. ಕ್ರೌನಿನ ಹಲ್ಲಿಗೆ ಬಣ್ಣ ಬಳಿದು ತಿರುಗಿಸುತ್ತಿದ್ದರು. ಪಿನಿಯನ್ನು ತಾಗಿದಲ್ಲಿ ಬಣ್ಣ ಅಳಿಯುತ್ತದೆ. ಅಳಿದ ಗುರುತು ಹಲ್ಲಿನ ನಟ್ಟನಡುವೆ ಬಿದ್ದರೆ ಕೂಡಿಕೆ ಸರಿ, ತುದಿಗೋ ಬುಡಕ್ಕೋ ಬಿದ್ದರೆ ತಪ್ಪು. ಕಿವಿ ಪಳಗಿದ ಮೇಲೆ ಧರಣೇಂದ್ರ ಆ ಗೊಡವೆ ಬಿಟ್ಟಿದ್ದ. ಆ ಬಣ್ಣದ ಡಬ್ಬಿಯೂ ಈಗ ಅವನಲ್ಲಿರಲಿಲ್ಲ.

ತುಳಸವ್ವ ಸೊಂಟದ ಚೀಲ ಬಿಚ್ಚಿದಳು. ಬೀರದೇವರ ಭಂಡಾರ, ಹಳದಿ ಅರಿಷಿಣದ ಹುಡಿ; ಕುರಿಯವರು ಅದಿಲ್ಲದೆ ಹೊಸ್ತಿಲು ದಾಟುವುದಿಲ್ಲ. ಎಣ್ಣೆಯಲ್ಲಿ ಕಲಸಿದರೆ ಇದೂ ಬಣ್ಣವೇ ಎಂದಳು. ಮಿಸ್ತ್ರಿ ಹಿಂದೆ ಸರಿದ. ನಿಮ್ಮ ದೇವರದನ್ನು ಗ್ರೀಸಿಗೆ ಹಚ್ಚಲಾರೆ ಎಂದ.

"ಹೊಸ ಗಾಡಿ ತಂದ್ರ ಬಾನೆಟ್ಟಿಗೆ ಹಚ್ಚತೀವ್ರಿ. ಹೊರಗ ಬೇಕಾದ ದೇವ್ರು ಒಳಗ ಬ್ಯಾಡ ಅಂತಾನೇನು?"

ಮಿಸ್ತ್ರಿ ಒಂದು ಬಟ್ಟಲಿಗೆ ಎಣ್ಣೆ ಸುರಿದು ಮುಂದೆ ಸರಿಸಿದ. ಅವಳು ಅದರಲ್ಲಿ ಭಂಡಾರ ಕಲಸಿದಳು. ತೀರ ತೆಳುವಾಗದೆ, ತೀರ ಗಟ್ಟಿಯಾಗದೆ, ಕುರಿಯ ಗಾಯಕ್ಕೆ ಹಚ್ಚುವ ಲೇಪದ ಹದಕ್ಕೆ. ಮಿಸ್ತ್ರಿ ಬ್ರಷ್ಷಿನಿಂದ ಕೆಲವು ಹಲ್ಲುಗಳಿಗೆ ಬಳಿದು ತಿರುಗಿಸಿದ. ಇಬ್ಬರೂ ಬಗ್ಗಿ ನೋಡಿದರು. ಹಳದಿ ಹಲ್ಲಿನ ತುದಿಯಂಚಿನಲ್ಲಿ ಮಾತ್ರ ಉಗುರು ಗೀರಿದಂತೆ ಉಕ್ಕು ಹೊಳೆಯುತ್ತಿತ್ತು.

"ಇಲ್ಲೇ ಅದಾನ್ರಿ ಕಳ್ಳ," ಎಂದ ಮಿಸ್ತ್ರಿ. ಪಾನಾ ಮತ್ತೆ ಕೈಗೆ ಬಂತು.

ಪಿನಿಯನ್ನು ದೂರ ಉಳಿದಿತ್ತು. ಅದನ್ನು ಒಳಗೆ ಸರಿಸಲು ಅದರ ಹಿಂದೆ ಶಿಮ್ಮು ಹಾಕಬೇಕು. ಅದು ಹಾಳೆಯಷ್ಟು ತೆಳ್ಳಗಿನ ಉಕ್ಕಿನ ಬಳೆ. ಹಾಕಿ ಕೂಡಿಸಿ ಮತ್ತೆ ಭಂಡಾರ ಬಳಿದರೆ ಗುರುತು ಬುಡಕ್ಕೆ ಇಳಿಯಿತು. ಮತ್ತೆ ಬಿಚ್ಚಿದ. ಹೊತ್ತು ಇಳಿಯುವ ಮೊದಲು ಸುಗಂಧಾ ಬುತ್ತಿ ತಂದಳು. ದೀಪ ಹಚ್ಚಿದ ಮೇಲೆ ಅವರು ಉಣ್ಣುವುದಿಲ್ಲ. ಶೆಡ್ಡಿನಲ್ಲಿ ಇಬ್ಬರ ಮುಂಗೈಗಳೂ ಹಳದಿಯಾಗಿದ್ದವು. ಮಿಸ್ತ್ರಿಯ ಕೆನ್ನೆ, ಮೀಸೆ, ಕಿವಿಯ ಹಾಲೆಗೂ ಅರಿಷಿಣ ಮೆತ್ತಿತ್ತು.

"ಈ ವಯಸ್ಸಿನ್ಯಾಗ ಯಾರ ಮದಿವಿಗೆ ಅರಿಷಿಣ ಹಚ್ಚಿಗೊಂಡೀರಿ?" ಎಂದು ಸುಗಂಧಾ ಕೇಳಿದಳು.

ಗಂಡ ಎಲ್ಲ ಹೇಳಿದ, ಕಿವಿಯ ಮಾತನ್ನೂ. ಕಿವಿ ಮಂದವಾದದ್ದು ನಿನಗೆ ಗೊತ್ತಿತ್ತೇ ಎಂದ. ಅವಳು ಸೆರಗನ್ನು ಬಾಯಿಗೆ ಹಿಡಿದು ನಕ್ಕಳು. "ನಾ ಹೇಳೇ ಹೇಳೀನಿ, ಎಷ್ಟೋ ಸಲ. ಅದ ಕೇಳಸಿಲ್ಲ ನಿಮಗ." ಮೂವರೂ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಉಂಡಾದ ಮೇಲೆ ಸುಗಂಧಾಳೇ ಗಾಲಿ ತಿರುಗಿಸಿದಳು. ಮೊದಲಿನದಕ್ಕಿಂತ ತೆಳ್ಳಗಿನ ಶಿಮ್ಮು ಹಾಕಿದ್ದ ಮಿಸ್ತ್ರಿ ಬಗ್ಗಿ ನೋಡಿ ತುಳಸವ್ವನಿಗೆ ಜಾಗ ಬಿಟ್ಟ. ಹಳದಿ ಹಲ್ಲಿನ ನಟ್ಟನಡುವೆ ಅವರೆಕಾಳಿನಂಥ ಗುರುತು ಹೊಳೆಯುತ್ತಿತ್ತು. ಪಕ್ಕದ ಹಲ್ಲಿನಲ್ಲೂ ಅಷ್ಟೇ, ಅದರ ಪಕ್ಕದಲ್ಲೂ ಅಷ್ಟೇ.

ಮರುದಿನ ಮುಂಜಾನೆ ಅವನು ಹಲ್ಲುಗಳನ್ನು ಚೆನ್ನಾಗಿ ತೊಳೆದು, ಗೂಡು ಮುಚ್ಚಿ, ಹೊಸ ಎಣ್ಣೆ ಸುರಿದ. ಬಟ್ಟಲಲ್ಲಿ ಉಳಿದ ಭಂಡಾರವನ್ನು ತುಳಸವ್ವ ಗೂಡಿನ ಹೊರಗೆ ಹಚ್ಚಿದಳು. ಕಬ್ಬೂರಿನಿಂದ ಬಂದಿದ್ದ ಮಾಳು ಮುಖ ಗಂಟಿಕ್ಕಿಕೊಂಡು ಹಿಂದೆ ಹತ್ತಿದ. ಮಿಸ್ತ್ರಿ ಓಡಿಸಿದ, ತುಳಸವ್ವ ಪಕ್ಕದಲ್ಲಿ ಕುಳಿತಳು. ಅವನು ಕಾಲು ಒತ್ತಿದ, ಎತ್ತಿದ, ಒತ್ತಿದ. ಏನು ಕೇಳಿಸುತ್ತಿದೆ ಎಂದು ಕೇಳಿದ. ಅವಳು ಕೇಳಿದ್ದನ್ನೆಲ್ಲ ಒಂದೊಂದಾಗಿ ಹೇಳಿದಳು: ಹಿಂದೆ ಬರುವ ಕಬ್ಬಿನ ಟ್ರ್ಯಾಕ್ಟರಿನ ಟೇಪಿನ ಹಾಡು, ಗಾಳಿ, ಡಬ್ಬಿಯ ಮುಚ್ಚಳ ಅಲುಗಾಡುವುದು, ಮಾಳು ಗೊಣಗುವುದು.

"ಗಾಡಿದು?"

"ಅದರದೇನೂ ಇಲ್ರಿ. ಮರಿ ಮಲಿ ಕುಡದ ಮಲಗಿದಂಗೈತಿ."

ಮಾಳು ಹಿಂದಿನಿಂದ ಗಾಜು ತಟ್ಟಿದ. ಗೊಣಗುವುದು ನಿಲ್ಲಿಸಿ ಅವನೂ ಕಿವಿಗೊಟ್ಟಿದ್ದ. ಅವನ ಮುಖದಲ್ಲಿ ನಗುವಿತ್ತು.

ಗಾಡಿ ಚಹಾದಂಗಡಿಯ ಮುಂದೆ ನಿಂತಾಗ ಡ್ರೈವರುಗಳು ಎದ್ದು ಬಂದರು. ಧರಣೇಂದ್ರ ಇಳಿದು, ಯಾರೂ ಕೇಳದೆಯೇ ಹೇಳಿಬಿಟ್ಟ. ತನ್ನ ಕಿವಿ ಸಣ್ಣ ಸದ್ದು ಹಿಡಿಯುವುದಿಲ್ಲ. ಇನ್ನು ಮೇಲೆ ಬಣ್ಣ ಹಚ್ಚಿ ಕಣ್ಣಿನಿಂದ ನೋಡಿಯೇ ಕೂಡಿಸುತ್ತೇನೆ, ಸದ್ದು ಹೇಳುವುದು ನಿಮ್ಮ ಕೆಲಸ. ಒಬ್ಬ ಡ್ರೈವರು, ಹಾಗಾದರೆ ಇಷ್ಟು ದಿನ ನಾವು ಬೈದದ್ದೆಲ್ಲ ದಂಡವೇ ಎಂದ.

"ಬೈಗಳ ದಪ್ಪ ಧ್ವನೀಲೇ ಇರ್ತಾವಲ್ಲೋ," ಎಂದ ಮಿಸ್ತ್ರಿ. "ಅವಷ್ಟೂ ಮುಟ್ಯಾವು."

ನಗೆಯ ನಡುವೆಯೇ ಆ ಡ್ರೈವರು ತನ್ನ ಗಾಡಿಯನ್ನೂ ಶೆಡ್ಡಿನೊಳಗೆ ತಿರುಗಿಸಿದ. ಅದೂ ಹಿಂದೆ ಏನೋ ಅಳುತ್ತಿದೆಯಂತೆ. ತುಳಸವ್ವ ಚೀಲದ ಭಂಡಾರದಲ್ಲಿ ಅರ್ಧ ತೆಗೆದು ಮಿಸ್ತ್ರಿಯ ಡಬ್ಬಿಗೆ ಸುರಿದಳು. ಅವನು ಅದಕ್ಕೂ ಬಟ್ಟೆ ಕಟ್ಟಿದ.

ಮಾಳು ಗಾಡಿ ಚಾಲೂ ಮಾಡಿದ. ಕಬ್ಬೂರಿಗೆ ಹೋಗಿ ಮರಿಗಳನ್ನು ಏರಿಸಿಕೊಂಡು ಅಥಣಿಯ ದಾರಿ ಹಿಡಿಯಬೇಕಿತ್ತು. ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ಬಂದು ತುಳಸವ್ವನ ಕಿಟಕಿಯ ಎದುರಿಗೆ ನಿಂತ. ಇನ್ನೇನೋ ಕೇಳುವುದಿದ್ದವನಂತೆ ಒಮ್ಮೆ ಶೆಡ್ಡಿನ ತಗಡಿನತ್ತ, ಒಮ್ಮೆ ಅವಳತ್ತ ನೋಡಿದ.

"ಆಯಿ," ಎಂದ, "ಹೋಗೂ ಮುಂದ ಒಂದೀಟ ಕಿವಿ ಕೊಡ್ರಿ. ಗುಬ್ಬಿ ಈಗ ಒದರಾಕತ್ತಾವೋ, ಸುಮ್ಮ ಕುಂತಾವೋ?"