ಮೇಷ್ಟ್ರು ಹಾರಿಸಿದ ಬಾವುಟ

ಚನ್ನಪಟ್ಟಣದ ನಮ್ಮ ಬೀದಿಯ ಇಂಗ್ಲಿಷ್ ಮೇಷ್ಟ್ರು ಯಾವ ನುಡಿಗಟ್ಟನ್ನೂ ಬರೀ ಅರ್ಥ ಹೇಳಿ ಬಿಡುತ್ತಿರಲಿಲ್ಲ. ಕನ್ನಡಕವನ್ನು ಹಣೆಗೇರಿಸಿ, "ಇದು ಹುಟ್ಟಿದ್ದೆಲ್ಲಿ ಗೊತ್ತೇನ್ರೋ?" ಎನ್ನುತ್ತಿದ್ದರು. ಟ್ಯೂಷನ್ನು ನಮ್ಮ ಜಗಲಿಯಲ್ಲೇ. ಚೆನ್ನಾಗಿ ಪಾಸಾದವರಿಗೆ ಹೇಳುವ 'ವಿತ್ ಫ್ಲೈಯಿಂಗ್ ಕಲರ್ಸ್' ಹುಟ್ಟಿದ್ದು ಸಮುದ್ರದಲ್ಲಂತೆ. ಕಲರ್ಸ್ ಅಂದರೆ ಇಲ್ಲಿ ಬಾವುಟ; ಯುದ್ಧ ಗೆದ್ದ ಹಡಗು ಅದನ್ನು ಹಾರಿಸಿಕೊಂಡು ಬಂದರೆ, ದಡದಲ್ಲಿ ಕಾಯುತ್ತಿದ್ದವರಿಗೆ ದೂರದಿಂದಲೇ ಹೋದ ಜೀವ ಬಂದಂತಾಗುತ್ತಿತ್ತಂತೆ. ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ನಮ್ಮಜ್ಜಿಯೂ ಅದನ್ನು ಕೇಳಿಸಿಕೊಂಡಿದ್ದರು.

ಅಪ್ಪನಿಗೆ ಹೃದಯದ ಆಪರೇಷನ್ ಆದಾಗ ಬೆಂಗಳೂರಿನ ಆಸ್ಪತ್ರೆಯಲ್ಲಿ ಜೊತೆಗಿದ್ದವರು ಮೇಷ್ಟ್ರೇ. "ಚೆನ್ನಾಗವ್ರೆ, ಕರ್ಕೊಂಡ್ ಬತ್ತೀನಿ" ಎಂದು ಡಿಸ್ಚಾರ್ಜ್ ದಿನ ಬೆಳಿಗ್ಗೆ ಅವರು ಫೋನು ಮಾಡಿದರೂ ಅಜ್ಜಿ ನಂಬಲಿಲ್ಲ.

"ಫೋನಲ್ಲಿ ಎಲ್ರೂ ಅಂಗೇ ಅಂತಾರೆ ಕಣ್ಲಾ" ಎಂದು ಸಮಾಧಾನ ಹೇಳಹೋದ ನನ್ನ ಬಾಯಿ ಮುಚ್ಚಿಸಿ, ಒಲೆಯನ್ನೂ ಹಚ್ಚದೆ ಜಗಲಿಯಲ್ಲಿ ಕೂತರು.

ಮಧ್ಯಾಹ್ನ ಬೀದಿಯ ತಿರುವಿನಲ್ಲಿ ಕಾರು ಕಾಣಿಸಿತು. ಕಿಟಕಿಯಿಂದ ಅರ್ಧ ಆಚೆ ಬಂದಿದ್ದ ಮೇಷ್ಟ್ರು ಅಪ್ಪನ ಚೌಕುಳಿ ಲುಂಗಿಯನ್ನು ಎತ್ತಿ ಹಿಡಿದು ಹಾರಿಸುತ್ತಿದ್ದರು. ಒಳಗೆ ಅಪ್ಪ ನಾಚಿಕೊಂಡು ನಗುತ್ತಿದ್ದರು.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದರು.

"ಬಾವ್ಟ ಇಳ್ಸಿ ಮೇಷ್ಟ್ರೇ, ಮುದ್ದೆಗೆ ಎಸ್ರಿಕ್ತೀನಿ."